ಗಣೇಶೋತ್ಸವದ ಸಂಗೀತ ಕಛೇರಿ ಮತ್ತು ಆರ್ಕೆಸ್ಟ್ರಾ: ಕೂರುವವರ ಜಾಗ, ನಿಲ್ಲುವವರ ಜಾಗ

ಮೇಡಂ, ನಮಸ್ಕಾರ. ಕಳೆದ ವಾರದ ಆರ್ಕೆಸ್ಟ್ರಾದಲ್ಲಿ ಮುಂದಿನ ಸಾಲಿನ ಹುಡುಗರು ಎದ್ದು ನಿಂತಿದ್ದರಿಂದ ನಿಮ್ಮ ತಂದೆಯವರಿಗೆ ಕೊನೆಯವರೆಗೂ ವೇದಿಕೆಯೇ ಕಾಣಲಿಲ್ಲವೆಂದೂ, ಕೇಳಿದ್ದಕ್ಕೆ “ಬೇಕಾದರೆ ನೀವೂ ಎದ್ದು ನಿಲ್ಲಿ” ಎಂಬ ಉತ್ತರ ಬಂತೆಂದೂ ಬರೆದಿದ್ದೀರಿ. ಈ ಸಲ ತುಮಕೂರಿನ ನಿಮ್ಮ ಬಡಾವಣೆಯ ಗಣೇಶೋತ್ಸವದಲ್ಲಿ ಒಂದು ಸಂಜೆ ಕರ್ನಾಟಕ ಸಂಗೀತ ಕಛೇರಿ, ಮರುದಿನ ಆರ್ಕೆಸ್ಟ್ರಾ ಇರುವುದರಿಂದ, “ಯಾರೂ ಎದ್ದು ನಿಲ್ಲುವಂತಿಲ್ಲ” ಎಂದು ಎರಡಕ್ಕೂ ಒಂದೇ ನಿಯಮ ಮಾಡಬಹುದೇ ಎಂಬುದು ನಿಮ್ಮ ಪ್ರಶ್ನೆ. ಹತ್ತಾರು ವರ್ಷ ಇಂತಹ ಕಾರ್ಯಕ್ರಮಗಳಿಗೆ ಕುರ್ಚಿ ಹಾಕಿಸಿದ, ಎತ್ತಿಸಿದ ಅನುಭವದಿಂದ ಹೇಳುವುದಾದರೆ, ಕಛೇರಿಯ ದಿನ ಆ ನಿಯಮದ ಅಗತ್ಯವೇ ಬೀಳುವುದಿಲ್ಲ, ಆರ್ಕೆಸ್ಟ್ರಾದ ದಿನ ಅದು ಎರಡನೆಯ ಹಾಡಿನವರೆಗೂ ಉಳಿಯುವುದಿಲ್ಲ.

ಮೊದಲು ನ್ಯಾಯದ ಮಾತು. ಕುರ್ಚಿ ಹಾಕಿದ ಜಾಗದಲ್ಲಿ ಕುಳಿತವರದೇ ಹಕ್ಕು. ಅಲ್ಲಿ ಎದ್ದು ನಿಂತವರು ಹಿಂದಿನವರ ನೋಟವನ್ನು ಕೇಳದೆ ಕಿತ್ತುಕೊಂಡಂತೆ. “ನೀವೂ ನಿಲ್ಲಿ” ಎನ್ನುವುದು ಇಪ್ಪತ್ತರ ಮೊಣಕಾಲಿಗೆ ಸುಲಭದ ಮಾತು, ಎಪ್ಪತ್ತರ ಮೊಣಕಾಲಿಗಲ್ಲ. ಆದರೆ ಆ ಹುಡುಗರ ಆಸೆಯಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಕುಣಿಯುವಂತಹ ಹಾಡು ಹಾಕಿ, ಗಾಯಕರೇ “ಎಲ್ಲರೂ ಕೈ ಮೇಲೆತ್ತಿ” ಎಂದು ಕೂಗಿ, ಆಮೇಲೆ ಕದಲದೆ ಕುಳಿತಿರಿ ಎಂದರೆ ಯಾರು ಕೇಳುತ್ತಾರೆ? ನಿಲ್ಲುವವರಿಗೆಂದು ಒಂದು ಜಾಗವನ್ನೇ ಬಿಡದ ವ್ಯವಸ್ಥಾಪಕರ ತಪ್ಪು ಇಲ್ಲಿ ಹುಡುಗರ ತಪ್ಪಿಗಿಂತ ದೊಡ್ಡದು.

ಒಬ್ಬರು ಎದ್ದರೆ ಎಷ್ಟು ಮರೆಯಾಗುತ್ತದೆ ಎಂಬುದನ್ನು ಸಮಿತಿಯವರಿಗೆ ಲೆಕ್ಕ ಹಾಕಿ ತೋರಿಸಿ; ನಾನು ಹಾಗೆ ತೋರಿಸಿದ ಮೇಲೆಯೇ ನಮ್ಮವರು ಒಪ್ಪಿದ್ದು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತವರ ಕಣ್ಣು ನೆಲದಿಂದ ಸುಮಾರು 4 ಅಡಿ ಎತ್ತರದಲ್ಲಿರುತ್ತದೆ. ಸಾಲಿನಿಂದ ಸಾಲಿಗೆ 3 ಅಡಿ ಅಂತರವಿದ್ದು, ನಿಮ್ಮ ಮುಂದಿನವರು ಎದ್ದು ನಿಂತಾಗ ಅವರ ತಲೆ ಐದೂವರೆ ಅಡಿಯಲ್ಲಿದ್ದರೆ, ನಿಮ್ಮ ನೋಟ ಪ್ರತಿ ಅಡಿಗೆ ಅರ್ಧ ಅಡಿಯಂತೆ ಮೇಲೇರಬೇಕಾಗುತ್ತದೆ. ವೇದಿಕೆ 30 ಅಡಿ ದೂರದಲ್ಲಿದ್ದರೆ ಅಲ್ಲಿ 19 ಅಡಿಗಿಂತ ಕೆಳಗಿನದೆಲ್ಲ ಮರೆಯಾಗಿ, ಹಾಡುವವರಿರಲಿ, ಅವರ ಹಿಂದಿನ ಬ್ಯಾನರ್ ಕೂಡ ಕಾಣುವುದಿಲ್ಲ. ಎರಡನೆಯ ಸಾಲಿನವರು ಏಳುತ್ತಾರೆ, ಅವರಿಂದ ಮೂರನೆಯವರು, ಹೀಗೆ ಒಂದೇ ಹಾಡಿನೊಳಗೆ ಇಡೀ ಪೆಂಡಾಲ್ ಎದ್ದು ನಿಂತಿರುತ್ತದೆ. ಎಲ್ಲರೂ ನಿಂತ ಮೇಲೆ ಯಾರಿಗೂ ಮೊದಲಿಗಿಂತ ಚೆನ್ನಾಗಿ ಕಾಣುವುದಿಲ್ಲ, ನಿಲ್ಲಲಾಗದವರಿಗೆ ಮಾತ್ರ ಏನೂ ಕಾಣುವುದಿಲ್ಲ.

ಇದೇ ಲೆಕ್ಕದಿಂದ ಕುರ್ಚಿ ಹಾಕುವ ಕ್ರಮವೂ ತಿಳಿಯುತ್ತದೆ. ಜಮಖಾನದ ಮೇಲೆ ಕುಳಿತು ಹಾಡುವವರ ಮುಖ, ವೇದಿಕೆ 4 ಅಡಿ ಎತ್ತರವಿದ್ದರೆ, ನೆಲದಿಂದ ಸುಮಾರು ಆರೂವರೆ ಅಡಿಯಲ್ಲಿರುತ್ತದೆ. ಕುರ್ಚಿಗಳು ನೇರವಾಗಿ ಒಂದರ ಹಿಂದೊಂದು ಬಂದರೆ ಮುಂದಿನವರು ಕುಳಿತಿದ್ದರೂ ಅವರ ತಲೆ ಅಡ್ಡ ಬರುತ್ತದೆ. ಪ್ರತಿ ಸಾಲನ್ನೂ ಅರ್ಧ ಕುರ್ಚಿಯಷ್ಟು ಪಕ್ಕಕ್ಕೆ ಸರಿಸಿದರೆ ಇಬ್ಬರ ನಡುವಿನ ಸಂದಿಯಿಂದ ನೋಡಬಹುದು, ಆಗ ಅಡ್ಡ ಬರುವ ತಲೆ ಎರಡು ಸಾಲು ಮುಂದಿನದಾಗುವುದರಿಂದ ಕಲಾವಿದರ ಮುಖ ಮರೆಯಾಗುವುದಿಲ್ಲ. ಶಾಮಿಯಾನದವರು ಈ ರೀತಿ ತಾವಾಗಿಯೇ ಹಾಕಿಕೊಡುವುದಿಲ್ಲ. ಮೊದಲ ಎರಡು ಸಾಲನ್ನು ನೀವೇ ನಿಂತು ಹಾಕಿಸಿದರೆ ಉಳಿದವನ್ನು ಅವರು ಅದೇ ಅಳತೆಯಲ್ಲಿ ಮುಗಿಸುತ್ತಾರೆ. ವೇದಿಕೆಯ ಎತ್ತರದಲ್ಲಿ ಅರ್ಧ ಅಡಿ ಉಳಿಸಲು ಹೋಗಬೇಡಿ.

ನಾವು ಈ ಪಾಠ ಕಲಿತದ್ದು ಪೆಟ್ಟು ತಿಂದು. ಒಂದು ವರ್ಷ ನಮ್ಮದೇ ಸಮಿತಿ ಆರ್ಕೆಸ್ಟ್ರಾಕ್ಕೆ ವೇದಿಕೆಯ ಬುಡದವರೆಗೂ ಮುನ್ನೂರು ಕುರ್ಚಿ ತುಂಬಿಸಿತ್ತು. ಮೂರನೆಯ ಹಾಡಿಗೆ ಮುಂದಿನವರು ಎದ್ದರು, ಹಿಂದಿನವರು ಕುರ್ಚಿಯ ಮೇಲೆಯೇ ಹತ್ತಿ ನಿಂತರು, ಒಂದು ಕುರ್ಚಿಯ ಕಾಲು ಮುರಿದು ಹೈಸ್ಕೂಲಿನ ಹುಡುಗನೊಬ್ಬನ ಪಾದ ಉಳುಕಿತು. ನಿರೂಪಕರು “ದಯವಿಟ್ಟು ಕುಳಿತುಕೊಳ್ಳಿ” ಎಂದು ಮೈಕಿನಲ್ಲಿ ಹತ್ತು ಸಲವಾದರೂ ಬೇಡಿಕೊಂಡಿರಬೇಕು. ಆ ಬೇಡಿಕೆಯೂ ತಾಳಕ್ಕೆ ಸರಿಯಾಗಿ ಬೀಳುತ್ತಿದ್ದುದರಿಂದ ಜನ ಅದಕ್ಕೂ ಕುಣಿದರು.

ಮರುವರ್ಷ ವೇದಿಕೆಗೆ ಎದುರಾಗಿ ನಿಂತಾಗ ಎಡಕ್ಕೆ ಬೀಳುವ ಭಾಗದಲ್ಲಿ 20 ಅಡಿ ಅಗಲದ ಪಟ್ಟಿಯನ್ನು ಒಂದು ಕುರ್ಚಿಯೂ ಇಲ್ಲದೆ ಖಾಲಿ ಬಿಟ್ಟು, ಸರ್ವೆ ಮರದ ಗೂಟ ನೆಟ್ಟು, ಹಗ್ಗ ಕಟ್ಟಿ, “ಇದು ನಿಂತು ನೋಡುವವರ ಜಾಗ” ಎಂದು ಬರೆಸಿದೆವು. ಕುರ್ಚಿಗಳ ಹಿಂದೆಯೂ ಅಂತಹದೇ ಜಾಗ ಉಳಿಸಿದೆವು. ಮುಂದೆ, ವೇದಿಕೆಯಿಂದ ಹತ್ತು ಅಡಿ ಬಿಟ್ಟು, ಮಕ್ಕಳಿಗೆ ಜಮಖಾನ ಹಾಸಿದೆವು. ನೆಲದ ಮೇಲೆ ಕುಳಿತ ಮಕ್ಕಳು ಯಾರಿಗೂ ಅಡ್ಡವಾಗುವುದಿಲ್ಲ. ಹಳ್ಳಿಯ ನಾಟಕಗಳಲ್ಲಿ ಮುಂದೆ ಚಾಪೆ, ನಡುವೆ ಬೆಂಚು, ಹಿಂದೆ ನಿಂತವರು ಎಂದು ನಮ್ಮ ಹಿರಿಯರು ಮಾಡುತ್ತಿದ್ದುದೂ ಇದೇ ತಾನೆ. ಕುಣಿಯುವ ಹುಡುಗರು ಹಗ್ಗದೊಳಗೆ ತಾವಾಗಿಯೇ ಹೋದರು, ಏಕೆಂದರೆ ಅಲ್ಲಿ ಕೈಕಾಲು ಆಡಿಸಲು ಕುರ್ಚಿಗಳ ಕಾಟವಿರಲಿಲ್ಲ. ಎಲ್ಲವೂ ಸರಿಹೋಯಿತೆಂದು ಹೇಳಲಾರೆ: ಎಡತುದಿಯ ಕುರ್ಚಿಯವರಿಗೆ ಹಗ್ಗದ ಪಕ್ಕದ ಗುಂಪು ಅಡ್ಡವಾಗಿ, ಆ ಸಾಲುಗಳನ್ನು ನಡುವಿಗೆ ಓರೆಯಾಗಿ ತಿರುಗಿಸಬೇಕಾಯಿತು. ಇನ್ನೊಂದು ಎಚ್ಚರಿಕೆ, ನಿಲ್ಲುವವರ ಪಟ್ಟಿ ದೊಡ್ಡ ಸ್ಪೀಕರಿನ ಬಾಯಿಗೆ ನೇರವಾಗಿ ಬರದಂತೆ ಧ್ವನಿವರ್ಧಕದವರ ಜೊತೆ ಮೊದಲೇ ಮಾತನಾಡಿ.

“ವಿದೇಶದಲ್ಲಿ ಎಲ್ಲರೂ ನಿಂತೇ ಕೇಳುತ್ತಾರೆ, ಕೂರಿ ಎನ್ನುವುದು ಹಳೆಯ ಕಾಲದ ಮಾತು” ಎಂದು ಇದೇ ಚರ್ಚೆಯಲ್ಲಿ ಒಬ್ಬ ಸದಸ್ಯರು ಬರೆದಿದ್ದಾರೆ. ಅಲ್ಲಿ ನಿಲ್ಲುವವರಿಗೆ ಜಾಗವನ್ನು ಗೊತ್ತುಮಾಡಿರುತ್ತಾರೆ ಎಂಬುದು ಅವರ ಮಾತಿನಲ್ಲಿ ಬಿಟ್ಟುಹೋಗಿದೆ. ಲಂಡನ್ನಿನಲ್ಲಿ 1895ರಲ್ಲಿ ಆರಂಭವಾದ ಪ್ರಾಮ್ಸ್ ಸಂಗೀತೋತ್ಸವ ಈಗ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನಡೆಯುತ್ತದೆ. ಅಲ್ಲಿ ವೇದಿಕೆಯ ಎದುರಿನ ನೆಲವನ್ನೇ ಕಡಿಮೆ ದರದ ಟಿಕೆಟ್ ಕೊಂಡು ನಿಂತು ಕೇಳುವವರಿಗೆ ಬಿಟ್ಟಿದ್ದಾರೆ. ಕುರ್ಚಿಗಳು ಅದರ ಸುತ್ತ ಮೆಟ್ಟಿಲು ಮೆಟ್ಟಿಲಾಗಿ ಮೇಲೇರುವುದರಿಂದ ನಿಂತವರು ಯಾರಿಗೂ ಮರೆಯಾಗುವುದಿಲ್ಲ, ಹಾಗೆ ನಿಂತವರು ಶಾಸ್ತ್ರೀಯ ಸಂಗೀತವನ್ನು ಸದ್ದಿಲ್ಲದೆ ಕೇಳುತ್ತಾರೆ. ನಮ್ಮ ಸಮತಟ್ಟಾದ ಮೈದಾನದಲ್ಲಿ ಆ ಮೆಟ್ಟಿಲುಗಳಿಲ್ಲ, ಆದ್ದರಿಂದ ಮುಂದೆ ನಿಲ್ಲುವ ಅವರ ಪದ್ಧತಿಯನ್ನು ಮಾತ್ರ ತಂದುಕೊಂಡರೆ ಆಗದು.

ಕುರ್ಚಿಯನ್ನೇ ಹಾಕಬಾರದ ಕಾರ್ಯಕ್ರಮಗಳೂ ಇವೆ. ತಮಟೆ ಅಂತಹದು. ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದ ಮೇಲೆ ತಮಟೆಯನ್ನು ಸಭಾಂಗಣದ ವೇದಿಕೆಗೆ ಏರಿಸುವ ಉತ್ಸಾಹ ನಮ್ಮ ಕಡೆ ಹಲವರಲ್ಲಿ ಕಾಣುತ್ತಿದೆ; ಗೌರವ ಸರಿಯೇ, ಆದರೆ ತಮಟೆಯ ಸದ್ದಿಗೆ ಕುರ್ಚಿಯಲ್ಲಿ ಕೈಕಟ್ಟಿ ಕೂರುವುದು ಶಿಕ್ಷೆಯಂತೆಯೇ ಸರಿ. ನಿಮ್ಮ ಮೆರವಣಿಗೆಯ ದಿನ ತಮಟೆಯವರು ಬಂದರೆ ವೇದಿಕೆ ಬೇಡ, ಬಯಲಿನಲ್ಲಿ ವೃತ್ತ ಬಿಡಿಸಿ, ಒಳಸುತ್ತಿನವರು ನೆಲದ ಮೇಲೆ ಕೂರಲಿ, ಹೊರಸುತ್ತಿನವರು ನಿಲ್ಲಲಿ.

ಇನ್ನು ಕಛೇರಿಯ ಸಂಜೆ. ಅಲ್ಲಿ ಕುಣಿಯುವವರ ಕಾಟವಿಲ್ಲ, ಓಡಾಡುವವರ ಕಾಟವಿದೆ. ಆಲಾಪನೆ ನಡೆಯುವಾಗ ಒಳಗೆ ಬಂದವರು ಕೃತಿ ಮುಗಿಯುವವರೆಗೆ ಹಿಂದೆಯೇ ನಿಂತಿರಬೇಕು. ಈ ಒಂದು ಕೆಲಸಕ್ಕೆ ಬಾಗಿಲಲ್ಲಿ ಇಬ್ಬರು ಸ್ವಯಂಸೇವಕರು ಸಾಕು. ತನಿ ಆವರ್ತನ, ಎಂದರೆ ತಾಳವಾದ್ಯದವರು ಮಾತ್ರ ನುಡಿಸುವ ಭಾಗ, ಶುರುವಾದ ಕೂಡಲೇ ಕಾಫಿಗೆ ಏಳುವ ಅಭ್ಯಾಸ ನಮ್ಮ ರಸಿಕರಲ್ಲಿ ಬಹಳ ಹಳೆಯದು. ಅಷ್ಟು ಹೊತ್ತು ಹಾಡಿಗೆ ಹೆಗಲು ಕೊಟ್ಟ ಮೃದಂಗ, ಘಟಗಳವರು ತಮ್ಮ ಪಾಲಿನ ಹತ್ತು ಹದಿನೈದು ನಿಮಿಷವನ್ನು ಬೆನ್ನುಗಳಿಗೆ ನುಡಿಸಬೇಕಾಗುವುದು ನೋಡಲು ಕಷ್ಟ. ಗುರುಪೂರ್ಣಿಮೆಗೆ ಕೈವಾರದಲ್ಲಿ ನಡೆಯುವ 72 ಗಂಟೆಗಳ ಸಂಗೀತೋತ್ಸವದಂತಹ ಕಡೆ ಜನ ಬಂದು ಹೋಗುತ್ತಿರುವುದು ಸಹಜ, ಅಷ್ಟು ಹೊತ್ತು ಯಾರಿಂದಲೂ ಕೂರಲಾಗದು. ಎರಡೂವರೆ ಗಂಟೆಯ ಕಛೇರಿಗೆ ಆ ನೆಪ ಹೇಳಲಾಗದು. ಕೊನೆಯಲ್ಲಿ ಹಾಡುವ ಮಂಗಳ ಮುಗಿಯುವವರೆಗೆ ಕೂರಬೇಕು, ಮುಗಿದ ಮೇಲೆ ಎದ್ದು ನಿಂತು ಚಪ್ಪಾಳೆ ತಟ್ಟಿದರೆ ಚೆಂದ. ಮಂಗಳದ ನಡುವೆಯೇ ಎದ್ದರೆ ನೀವು ಕಲಾವಿದರಿಗೆ ಗೌರವ ತೋರುತ್ತಿದ್ದೀರೋ ಚಪ್ಪಲಿ ಹುಡುಕುತ್ತಿದ್ದೀರೋ ಎಂಬುದು ವೇದಿಕೆಯ ಮೇಲಿನವರಿಗೆ ತಿಳಿಯುವುದಿಲ್ಲ.

ಆದರೆ ಎಲ್ಲಕ್ಕಿಂತ ದೊಡ್ಡ ಅಡ್ಡಿ ಮುಂದಿನ ಸೋಫಾದಲ್ಲಿರುತ್ತದೆ. ಗಣ್ಯರು ಹಾಡಿನ ನಡುವೆ ಬರುತ್ತಾರೆ, ಇಡೀ ಸಾಲು ಎದ್ದು ಕೈಮುಗಿಯುತ್ತದೆ, ಹಾಡು ನಿಲ್ಲಿಸಿ ಸನ್ಮಾನವಾಗುತ್ತದೆ, ಶಾಲು ಹೊದೆಸಿಕೊಂಡ ಹತ್ತೇ ನಿಮಿಷದಲ್ಲಿ ಅವರು ಹಿಂಬಾಲಕರೊಂದಿಗೆ ವೇದಿಕೆಯ ಮುಂದೆಯೇ ಹಾದು ಹೊರಡುತ್ತಾರೆ. ಹುಡುಗರಿಗೆ ಶಿಸ್ತು ಹೇಳುವ ಸಮಿತಿಗಳು ಇದಕ್ಕೆ ಬಾಯಿ ತೆರೆಯುವುದಿಲ್ಲ. ಸಭಾ ಕಾರ್ಯಕ್ರಮವನ್ನು ಕಛೇರಿಗೆ ಮೊದಲೇ ಮುಗಿಸಿಬಿಡಿ, ಗಣ್ಯರ ಆಸನವನ್ನು ಪಕ್ಕದ ದಾರಿಗೆ ತಾಗಿದಂತೆ ಹಾಕಿಸಿ, ಎದ್ದು ಹೋದರೂ ಯಾರ ಮುಂದೆಯೂ ಹಾಯುವುದಿಲ್ಲ. ಮಹಾಮಂಗಳಾರತಿಯನ್ನೂ ಹಾಡಿನ ನಡುವೆ ಇಟ್ಟುಕೊಳ್ಳಬೇಡಿ, ಗಂಟೆ ಕೇಳಿದೊಡನೆ ಎಲ್ಲರೂ ಏಳುತ್ತಾರೆ. ನಾಡಗೀತೆಗೆ ಎರಡೂವರೆ ನಿಮಿಷ, ರಾಷ್ಟ್ರಗೀತೆಗೆ 52 ಸೆಕೆಂಡು ಎದ್ದು ನಿಲ್ಲುವುದು ಎಲ್ಲರಿಗೂ ಗೊತ್ತಿದೆ. ಆಗ ನಿಲ್ಲಲಾಗದೆ ಕುಳಿತಿರುವ ಹಿರಿಯರನ್ನು ಯಾರೂ ದಿಟ್ಟಿಸಿ ನೋಡದಂತೆ ನಿರೂಪಕರೇ ಒಂದು ಮಾತು ಹೇಳಲಿ.

ಕೊನೆಗೆ, ಮತ್ತೆ ಯಾರಾದರೂ ಎದುರಿಗೆ ಎದ್ದು ನಿಂತರೆ ಏನು ಮಾಡಬೇಕೆಂದು ಕೇಳಿದ್ದೀರಿ. ಹಾಡು ಮುಗಿಯುವವರೆಗೆ ಕಾಯಿರಿ. “ಕೂತ್ಕೊಳ್ರೀ” ಎಂದರೆ ಜಗಳವಾಗುತ್ತದೆ, “ಸ್ವಲ್ಪ ಪಕ್ಕಕ್ಕೆ ಬಂದು ನಿಲ್ಲಿ ತಮ್ಮಾ, ನಮ್ಮ ತಂದೆಗೆ ಕಾಣುತ್ತಿಲ್ಲ” ಎಂದರೆ ನನ್ನ ಅನುಭವದಲ್ಲಿ ಹತ್ತರಲ್ಲಿ ಎಂಟು ಜನ ಸರಿಯುತ್ತಾರೆ. ಉಳಿದ ಇಬ್ಬರನ್ನು ಸ್ವಯಂಸೇವಕರಿಗೆ ಬಿಡಿ. ನಿಮ್ಮ ತಂದೆಯವರಿಗೆ ಬಲಗಡೆ, ನಡುದಾರಿಗೆ ತಾಗಿದ ತುದಿಯ ಕುರ್ಚಿಯನ್ನು ಮೊದಲೇ ಹಿಡಿದಿಡಿ, ಅಲ್ಲಿ ಎದುರಿನವರು ಎದ್ದರೂ ದಾರಿಯ ಕಡೆಗೆ ಬಾಗಿ ನೋಡಬಹುದು, ಆಗಾಗ ಎದ್ದು ಹೋಗಲೂ ಸುಲಭ. ಆ ಹಗ್ಗ, ಗೂಟ, ಫಲಕ ನಮ್ಮಲ್ಲಿ ಇನ್ನೂ ಇವೆ. ಹಬ್ಬದ ಹಿಂದಿನ ವಾರ ಯಾರನ್ನಾದರೂ ಗಾಡಿ ಕೊಟ್ಟು ಕಳಿಸಿದರೆ ಒಯ್ಯಬಹುದು.