ಬೇಟೆ ಚಾಕು ಕೊಳ್ಳುವ ಮುಂಚೆ: ಉಕ್ಕು, ಹಿಡಿ, ಒರೆ

ಪ್ರಶ್ನೆ: ಮೊದಲ ಬೇಟೆ ಚಾಕು ಕೊಳ್ಳಬೇಕು ಅಂತಿದ್ದೇನೆ. ಮಡಚುವಂಥದ್ದು ಬೇಡ, ಅಲಗು ಹಿಡಿಗೆ ಗಟ್ಟಿಯಾಗಿ ಕೂತಿರುವಂಥದ್ದೇ ಬೇಕು. 1095, ಡಿ2, 420ಎಚ್‌ಸಿ, 14ಸಿ28ಎನ್, ಎಸ್30ವಿ ಅಂತ ಹೆಸರು ಓದಿ ಓದಿ ತಲೆ ಕೆಟ್ಟುಹೋಗಿದೆ. ಯಾವ ಉಕ್ಕು ತಗೊಳ್ಳಲಿ?

ಉತ್ತರ: 14ಸಿ28ಎನ್ ತಗೊಳ್ಳಿ. ಅದು ಸಿಗದಿದ್ದರೆ ಚೆನ್ನಾಗಿ ಹದ ಕೊಟ್ಟ 420ಎಚ್‌ಸಿ. ಮೊದಲ ಚಾಕುವಿಗೆ ಇವೆರಡರಲ್ಲಿ ಯಾವುದಾದರೂ ಧಾರಾಳ ಸಾಕು. ಕಾರಣ ಸ್ವಲ್ಪ ಉದ್ದ ಇದೆ, ಕೇಳಿ.

ಚಾಕುವಿನ ಉಕ್ಕಿನಿಂದ ನಾವು ಬಯಸೋದು ಮೂರು ಗುಣ. ಹರಿತ ಜಾಸ್ತಿ ಹೊತ್ತು ನಿಲ್ಲಬೇಕು. ಮೂಳೆಗೆ ತಾಗಿದರೆ ಬಾಯಿ, ಅಂದರೆ ಕೊಯ್ಯುವ ಅಂಚು, ಮುಕ್ಕಾಗಬಾರದು. ತುಕ್ಕು ಹಿಡಿಯಬಾರದು. ಒಂದನ್ನು ಎಳೆದು ಹೆಚ್ಚಿಸಿದರೆ ಇನ್ನೊಂದು ಸಾಮಾನ್ಯವಾಗಿ ಇಳಿಯುತ್ತದೆ. ಉಕ್ಕಿನ ಹೆಸರುಗಳು ಅಷ್ಟೊಂದು ಇರುವುದೇ ಈ ಎಳೆದಾಟದಿಂದ.

1095 ಸಾದಾ ಕಾರ್ಬನ್ ಉಕ್ಕು. ಇಂಗಾಲ ಸುಮಾರು ಶೇ 0.95; ಹೆಸರಿನ ಕೊನೆಯ ಎರಡು ಅಂಕಿ ಅದನ್ನೇ ಹೇಳುತ್ತವೆ. ಸಾಣೆಕಲ್ಲಿನ ಮೇಲೆ ಬೇಗ ಹರಿತವಾಗುತ್ತದೆ, ಬಾಯಿಯೂ ನುಣುಪಾಗಿ ಬರುತ್ತದೆ. ಆದರೆ ರಕ್ತ ಮೆತ್ತಿದ ಅಲಗನ್ನು ಒರೆಸದೆ ಮಲಗಿಬಿಟ್ಟರೆ ಬೆಳಗ್ಗೆ ಕಲೆ ಕಾದಿರುತ್ತದೆ.

ಡಿ2 ಬಗ್ಗೆ ತುಂಬಾ ಜನ ಮೋಸ ಹೋಗುತ್ತಾರೆ. ಅದರಲ್ಲಿ ಕ್ರೋಮಿಯಂ ಸುಮಾರು ಶೇ 12. ಲೆಕ್ಕದ ಪ್ರಕಾರ ಸ್ಟೇನ್‌ಲೆಸ್ ಆಗಬೇಕಿತ್ತು ಅಲ್ವಾ? ಆದರೆ ಇಂಗಾಲವೂ ಸುಮಾರು ಶೇ 1.5 ಇದೆ. ಕ್ರೋಮಿಯಂನ ದೊಡ್ಡ ಪಾಲು ಆ ಇಂಗಾಲದ ಜೊತೆ ಸೇರಿ ಕಾರ್ಬೈಡ್ ಎಂಬ ಗಟ್ಟಿ ಕಣಗಳಾಗಿಬಿಡುತ್ತದೆ. ತುಕ್ಕು ತಡೆಯೋದು ಕಾರ್ಬೈಡ್‌ಗೆ ಸೇರದೆ ಉಳಿದ ಕ್ರೋಮಿಯಂ ಮಾತ್ರ. ಹಾಗಾಗಿ ಡಿ2 ಅರ್ಧ ಸ್ಟೇನ್‌ಲೆಸ್. ಕಾರ್ಬೈಡ್ ಕಣಗಳು ದಪ್ಪ ಇರುವುದರಿಂದ ಹರಿತ ಬಹಳ ಹೊತ್ತು ನಿಲ್ಲುತ್ತದೆ, ಆದರೆ ಮೂಳೆಗೆ ಜೋರಾಗಿ ತಾಗಿದರೆ ಸಣ್ಣ ಸಣ್ಣ ಮುಕ್ಕು ಬೀಳುತ್ತದೆ. ಮನೆಯಲ್ಲಿ ಸಾಮಾನ್ಯ ಕಲ್ಲಿನ ಮೇಲೆ ಮತ್ತೆ ಹರಿತ ಮಾಡುವುದೂ ಬೇಜಾರಿನ ಕೆಲಸ.

420ಎಚ್‌ಸಿ ಹೆಸರು ಕೇಳಿದರೆ ಮೂಗು ಮುರಿಯುವವರು ಜಾಸ್ತಿ. ಇಂಗಾಲ ಶೇ 0.45ರ ಆಸುಪಾಸು, ಕ್ರೋಮಿಯಂ 13. ಹರಿತ ತುಂಬಾ ಹೊತ್ತು ನಿಲ್ಲುವುದಿಲ್ಲ, ನಿಜ. ಆದರೆ ತುಕ್ಕಿಗೆ ಬಗ್ಗುವುದಿಲ್ಲ, ಮುಕ್ಕಾಗುವುದಿಲ್ಲ, ಸಣ್ಣ ಕಲ್ಲಿನ ಮೇಲೆ ಹತ್ತಾರು ಸಲ ಎಳೆದರೆ ಮತ್ತೆ ಸರಿಯಾಗುತ್ತದೆ. ಅಮೆರಿಕದ ಬಕ್ ಕಂಪನಿ ಬೇಟೆ ಚಾಕುಗಳಿಗೆ ಬಹಳ ವರ್ಷಗಳಿಂದ ಇದನ್ನೇ ಬಳಸುತ್ತಿದೆ. ಸ್ವೀಡನ್ನಿನ 14ಸಿ28ಎನ್ ಇದಕ್ಕಿಂತ ಒಂದು ಮೆಟ್ಟಿಲು ಮೇಲೆ. ಅದರಲ್ಲಿ ಸ್ವಲ್ಪ ಸಾರಜನಕವನ್ನೂ ಬೆರೆಸುತ್ತಾರೆ. ಕಾರ್ಬೈಡ್ ಕಣ ಸಣ್ಣದು, ಬಾಯಿ ತೆಳ್ಳಗೆ ಮಾಡಿದರೂ ತಡೆದುಕೊಳ್ಳುತ್ತದೆ.

ಎಸ್30ವಿ ಬೇರೆ ಜಾತಿ. ಅಮೆರಿಕದ ಕ್ರೂಸಿಬಲ್ ಕಂಪನಿ 2001ರಲ್ಲಿ ಚಾಕುಗಳನ್ನೇ ಮನಸ್ಸಿನಲ್ಲಿಟ್ಟುಕೊಂಡು ತಂದ ಪುಡಿ ಉಕ್ಕು ಇದು. ಕರಗಿದ ಲೋಹವನ್ನು ಸಿಂಪಡಿಸಿ ಪುಡಿ ಮಾಡಿ, ಆ ಪುಡಿಯನ್ನು ಬಿಸಿ ಮತ್ತು ಒತ್ತಡದಲ್ಲಿ ಬೆಸೆಯುತ್ತಾರೆ. ಅದರಲ್ಲಿ ವೆನೇಡಿಯಂ ಎಂಬ ಲೋಹ ಸುಮಾರು ಶೇ 4 ಇದೆ. ಒಂದು ದೊಡ್ಡ ಪ್ರಾಣಿಯನ್ನು ಪೂರ್ತಿ ಸುಲಿದು ತುಂಡು ಮಾಡಿದ ಮೇಲೂ ಹರಿತ ಉಳಿದಿರುತ್ತದೆ. ಆದರೆ ವೆನೇಡಿಯಂ ಕಾರ್ಬೈಡ್ ನಮ್ಮ ಸಾಮಾನ್ಯ ಸಾಣೆಕಲ್ಲಿಗಿಂತಲೂ ಗಟ್ಟಿ. ಅದಕ್ಕೆ ವಜ್ರದ ಪುಡಿ ಹಚ್ಚಿದ ತಗಡು ಬೇಕು. ಸಾಣೆ ಹಿಡಿಯುವ ಕೈ ಇನ್ನೂ ಪಳಗದವರು ಇದನ್ನು ಕೊಂಡು, ಮೊಂಡಾದ ಮೇಲೆ ಹಾಗೇ ಪೆಟ್ಟಿಗೆಗೆ ಸೇರಿಸುತ್ತಾರೆ. 2021ರಲ್ಲಿ ಬಂದ ಮ್ಯಾಗ್ನಾಕಟ್ ಎಂಬ ಉಕ್ಕು ಮೂರೂ ಗುಣಗಳನ್ನು ಚೆನ್ನಾಗಿ ಸರಿದೂಗಿಸಿದೆ. ಎರಡನೇ ಚಾಕು ಕೊಳ್ಳುವಾಗ ಅದನ್ನು ಯೋಚಿಸಿ.

ಇಷ್ಟೆಲ್ಲ ಹೇಳಿದ ಮೇಲೂ, ಉಕ್ಕಿನ ಹೆಸರಿಗಿಂತ ಅದಕ್ಕೆ ಕೊಟ್ಟ ಹದ ಮುಖ್ಯ ಅಂತಲೇ ನಾನು ಹೇಳೋದು. ಕೆಂಪಗೆ ಕಾಯಿಸಿ, ತಟ್ಟನೆ ತಣಿಸಿ, ಮತ್ತೆ ಹದವಾಗಿ ಬಿಸಿ ಮಾಡುವ ಆ ಕೆಲಸ ಕೆಟ್ಟರೆ ದುಬಾರಿ ಉಕ್ಕೂ ತಗಡಿಗೆ ಸಮ. ಗಡಸುತನವನ್ನು ರಾಕ್‌ವೆಲ್ ಅಳತೆಯಲ್ಲಿ (ಎಚ್‌ಆರ್‌ಸಿ) ಹೇಳುತ್ತಾರೆ. ವಜ್ರದ ಮೊನೆಯನ್ನು 150 ಕಿಲೋ ಭಾರದಲ್ಲಿ ಒತ್ತಿ, ಎಷ್ಟು ಆಳ ಇಳಿಯಿತು ಅಂತ ನೋಡುವ ಪರೀಕ್ಷೆ ಅದು. ಬೇಟೆ ಚಾಕುವಿಗೆ 57ರಿಂದ 61 ಎಚ್‌ಆರ್‌ಸಿ ಸರಿಯಾದ ಜಾಗ. 54 ಇದ್ದರೆ ಬಾಯಿ ಮಡಚಿಕೊಳ್ಳುತ್ತದೆ. ತಯಾರಕರು ಈ ಅಂಕಿಯನ್ನೇ ಹೇಳದೆ ‘ಸರ್ಜಿಕಲ್ ಸ್ಟೀಲ್’ ಅಂತಷ್ಟೇ ಬರೆದಿದ್ದರೆ ಆ ಚಾಕು ಬಿಟ್ಟು ಮುಂದೆ ಹೋಗಿ. ಆ ಹೆಸರಿನ ನಿರ್ದಿಷ್ಟ ಉಕ್ಕು ಯಾವುದೂ ಇಲ್ಲ.

ಪ್ರಶ್ನೆ: ಏಳು ಇಂಚಿನ ಅಲಗು, ಐದು ಮಿಲಿಮೀಟರ್ ದಪ್ಪ. ನೋಡಲು ಗಟ್ಟಿಮುಟ್ಟಾಗಿದೆ. ತಗೊಳ್ಳಬಹುದಾ?

ಉತ್ತರ: ಸೌದೆ ಸೀಳಲು ತಗೊಳ್ಳಿ. ಚರ್ಮ ಸುಲಿಯಲು ಬೇಡ. ಆ ಕೆಲಸಕ್ಕೆ ಮೂರೂವರೆಯಿಂದ ನಾಲ್ಕೂವರೆ ಇಂಚು ಅಲಗು, ಬೆನ್ನಿನ ಹತ್ತಿರ 3 ಮಿ.ಮೀ. ಆಸುಪಾಸು ದಪ್ಪ ಸಾಕು. ಬಾಯಿಯ ಹಿಂದಿನ ದಪ್ಪ ಅದಕ್ಕಿಂತ ಮುಖ್ಯ. ಸಾಣೆ ಹಿಡಿದ ಇಳಿಜಾರು ಶುರುವಾಗುವ ಕಡೆ ಅರ್ಧ ಮಿಲಿಮೀಟರ್ ಇದ್ದರೆ ಮಾಂಸದಲ್ಲಿ ಸಲೀಸಾಗಿ ಹೋಗುತ್ತದೆ. ಒಂದು ಮಿಲಿಮೀಟರ್ ಇದ್ದರೆ ಎಷ್ಟೇ ಹರಿತ ಮಾಡಿದರೂ ಕೊಯ್ಯುವ ಬದಲು ಬಿರಿಸುತ್ತಾ ಹೋಗುತ್ತದೆ.

ಆಕಾರದಲ್ಲಿ ಡ್ರಾಪ್ ಪಾಯಿಂಟ್ ತಗೊಳ್ಳಿ. ಬೆನ್ನು ಮೊನೆಯ ಕಡೆಗೆ ಮೆಲ್ಲಗೆ ಇಳಿದಿರುವ ಆಕಾರ ಅದು. ಅಮೆರಿಕದ ಚಾಕು ತಯಾರಕ ಬಾಬ್ ಲವ್‌ಲೆಸ್ ಇದನ್ನು ಬೇಟೆಗಾರರಲ್ಲಿ ಜನಪ್ರಿಯ ಮಾಡಿದರು. ಮೊನೆ ತಗ್ಗಿರುವುದರಿಂದ ಹೊಟ್ಟೆಯ ಚರ್ಮ ಸೀಳುವಾಗ ಕರುಳಿಗೆ ಚುಚ್ಚುವ ಭಯ ಕಡಿಮೆ. ಬೆನ್ನಿನ ಮೇಲೆ ಕೊಕ್ಕೆ ಇರುವ ಚಾಕು ನನಗೆ ಇಷ್ಟವಿಲ್ಲ. ಆ ಕೊಕ್ಕೆಯೊಳಗೆ ಕೂದಲು, ಕೊಬ್ಬು ತುಂಬಿಕೊಳ್ಳುತ್ತದೆ, ಅದಕ್ಕೆ ಸಾಣೆ ಹಿಡಿಯೋದೂ ಕಷ್ಟ.

ಪ್ರಶ್ನೆ: ಜಿಂಕೆ ಕೊಂಬಿನ ಹಿಡಿ ನೋಡಿ ಮನಸೋತಿದ್ದೇನೆ. ಗೆಳೆಯ ರಬ್ಬರೇ ಒಳ್ಳೆಯದು ಅಂತಾನೆ. ಯಾರ ಮಾತು ಕೇಳಲಿ?

ಉತ್ತರ: ಗೆಳೆಯನ ಮಾತು ಅರ್ಧ ಸರಿ. ಹಿಡಿ ಒಣಗಿದಾಗ ಹೇಗಿದೆ ಅನ್ನೋದು ಲೆಕ್ಕಕ್ಕಿಲ್ಲ. ಪ್ರಾಣಿಯ ಹೊಟ್ಟೆಯೊಳಗೆ ಕೈ ಹಾಕಿದಾಗ ಅಲಗು ಕಣ್ಣಿಗೆ ಕಾಣುವುದಿಲ್ಲ. ತೋರುಬೆರಳನ್ನು ಅಲಗಿನ ಬೆನ್ನಿನ ಮೇಲಿಟ್ಟು, ಮೊನೆ ಎಲ್ಲಿದೆ ಅಂತ ಬೆರಳಿನಿಂದಲೇ ತಿಳಿದು ಕೊಯ್ಯಬೇಕು. ಅಂಗೈ ತುಂಬ ಬಿಸಿ ರಕ್ತ, ಕೊಬ್ಬು. ಆ ಹೊತ್ತಿನಲ್ಲಿ ಕೈ ಅರ್ಧ ಇಂಚು ಮುಂದೆ ಜಾರಿದರೆ ನಡುಬೆರಳೇ ಮೊದಲು ಬಾಯಿಯ ಮೇಲೆ ಹೋಗಿ ಕೂರುತ್ತದೆ.

ಆದ್ದರಿಂದ ಮೊದಲು ಆಕಾರ ನೋಡಿ. ಅಡ್ಡ ಕೊಯ್ದರೆ ಮೊಟ್ಟೆಯಾಕಾರ ಇರಬೇಕು, ಕಣ್ಣು ಮುಚ್ಚಿ ಹಿಡಿದರೂ ಬಾಯಿ ಯಾವ ಕಡೆ ಅಂತ ಗೊತ್ತಾಗಬೇಕು. ದುಂಡಗಿನ ಹಿಡಿ ಕೈಯಲ್ಲಿ ತಿರುಗುತ್ತದೆ. ಮುಂದೆ ಬೆರಳು ತಡೆಯುವ ಸಣ್ಣ ಉಬ್ಬು ಬೇಕು, ಹಿಂದೆ ಸ್ವಲ್ಪ ಅಗಲವಾಗಿರಬೇಕು. ಉದ್ದ ನಿಮ್ಮ ಅಂಗೈಗಿಂತ ಚೂರು ಜಾಸ್ತಿ. ನಾಲ್ಕು ಬೆರಳಿಗೂ ಗುಂಡಿ ಕೊರೆದ ಹಿಡಿ ಅಂಗಡಿಯಲ್ಲಿ ಕೈಗೆ ಒಪ್ಪುತ್ತದೆ, ಆದರೆ ಚಾಕುವನ್ನು ತಿರುಗಿಸಿ ಹಿಡಿದ ಕೂಡಲೇ ಅದೇ ಗುಂಡಿಗಳು ಒತ್ತುತ್ತವೆ. ಅನುಮಾನ ಇದ್ದರೆ ಚಾಕುವನ್ನು ಒರೆಯಲ್ಲೇ ಬಿಟ್ಟು, ಕೈಗೆ ಸೋಪಿನ ನೀರು ಹಚ್ಚಿಕೊಂಡು ಹಿಡಿಯನ್ನು ಬಿಗಿ ಹಿಡಿದು ತಳ್ಳಿ ನೋಡಿ. ಎರಡೇ ನಿಮಿಷದಲ್ಲಿ ಗೊತ್ತಾಗುತ್ತದೆ.

ಇನ್ನು ವಸ್ತು. ಕೊಂಬು ಚೆಂದ, ಮೇಲ್ಮೈ ಒರಟಾಗಿರುವುದರಿಂದ ಜಾರುವುದೂ ಕಡಿಮೆ. ಆದರೆ ಒಂದು ಕೊಂಬಿನಂತೆ ಇನ್ನೊಂದು ಇರುವುದಿಲ್ಲ, ಒಣಗಿ ಬಿರುಕು ಬಿಡುತ್ತದೆ. ಮರ ನೀರು ಕುಡಿದು ಊದುತ್ತದೆ. ಅಂಟುದ್ರವ ಹೀರಿಸಿ ಗಟ್ಟಿ ಮಾಡಿದ ಮರವಾದರೆ ಆ ತೊಂದರೆ ಬಹಳ ಕಡಿಮೆ. ಚರ್ಮದ ಬಿಲ್ಲೆಗಳನ್ನು ಪೋಣಿಸಿದ ಹಿಡಿ ರಕ್ತ ಹೀರುತ್ತದೆ, ಆಮೇಲೆ ವಾಸನೆ ಬಿಡುವುದಿಲ್ಲ. ರಬ್ಬರ್ ಹಿಡಿತ ಚೆನ್ನಾಗಿದೆ, ಚಳಿಯಲ್ಲೂ ಹಿತ. ಆದರೆ ಕೆಲವು ಸೊಳ್ಳೆ ಮುಲಾಮುಗಳಲ್ಲಿರುವ ಡೀಟ್ ರಾಸಾಯನಿಕ ತಾಗಿದರೆ ಕೆಲವು ಜಾತಿಯ ರಬ್ಬರ್ ಅಂಟಂಟಾಗುತ್ತದೆ.

ನನ್ನ ಆಯ್ಕೆ ಮೈಕಾರ್ಟಾ. ಬಟ್ಟೆ ಅಥವಾ ಕಾಗದದ ಪದರಗಳನ್ನು ಅಂಟುದ್ರವದಲ್ಲಿ ಅದ್ದಿ ಒತ್ತಿ ಮಾಡುವ ಹಲಗೆ ಇದು. ವೆಸ್ಟಿಂಗ್‌ಹೌಸ್ ಕಂಪನಿ 1910ರ ದಶಕದಲ್ಲಿ ವಿದ್ಯುತ್ ಉಪಕರಣಗಳಿಗೆ ಅಂತ ಮಾಡಿದ್ದು ಚಾಕುವಿನ ಹಿಡಿಗೆ ಬಂದು ಸೇರಿತು. ಕ್ಯಾನ್ವಾಸ್ ಮೈಕಾರ್ಟಾವನ್ನು ಪಾಲಿಶ್ ಮಾಡದೆ ಬಿಟ್ಟರೆ, ಒದ್ದೆಯಾದಾಗ ಅದರ ಹಿಡಿತ ಇನ್ನೂ ಜಾಸ್ತಿಯಾಗುತ್ತದೆ. ಫಳಫಳ ಹೊಳೆಯುವಂತೆ ಉಜ್ಜಿದ್ದು ಜಾರುತ್ತದೆ, ಅದು ಬೇಡ. ಗಾಜಿನ ನಾರಿನ ಜಿ10 ಇದಕ್ಕಿಂತ ಗಟ್ಟಿ, ಸ್ವಲ್ಪ ಭಾರ.

ಕೊಳ್ಳುವಾಗ ಹಿಡಿಯೂ ಉಕ್ಕೂ ಸೇರುವ ಕಡೆ ಉಗುರು ಎಳೆದು ನೋಡಿ. ಉಗುರು ಸಿಕ್ಕಿಕೊಂಡರೆ ಅಲ್ಲಿ ಸಂದು ಇದೆ, ನಾಳೆ ರಕ್ತ ಇಳಿದು ಒಳಗೊಳಗೇ ತುಕ್ಕು ಹಿಡಿಯುತ್ತದೆ. ಅಲಗಿನ ಉಕ್ಕು ಹಿಡಿಯ ತುದಿವರೆಗೂ ಪೂರ್ತಿ ಅಗಲದಲ್ಲಿ ಬಂದಿದ್ದರೆ ಫುಲ್ ಟ್ಯಾಂಗ್ ಅಂತಾರೆ. ಬಲ ಜಾಸ್ತಿ, ಆದರೆ ಭಾರವೂ ಜಾಸ್ತಿ. ಹಿಡಿಯೊಳಗೆ ಸಪೂರವಾಗಿ ಹೋಗುವ ಟ್ಯಾಂಗ್ ಕೂಡ ಕೊಯ್ಯುವ ಕೆಲಸಕ್ಕೆ ಸಾಕು. ಫಿನ್ಲೆಂಡಿನ ಪುಕ್ಕೊ ಚಾಕುಗಳು ತಲೆಮಾರುಗಳಿಂದ ಹೀಗೇ ಇವೆ.

ಪ್ರಶ್ನೆ: ಒರೆ ಚರ್ಮದ್ದೋ ಕೈಡೆಕ್ಸೋ? ಚಾಕು ಚೆನ್ನಾಗಿದ್ದರೆ ಒರೆ ಯಾವುದಾದರೇನು ಅನಿಸುತ್ತದೆ.

ಉತ್ತರ: ದಯವಿಟ್ಟು ಹಾಗೆ ಅಂದುಕೊಳ್ಳಬೇಡಿ. ಒಳ್ಳೆಯ ಚಾಕುವಿಗೆ ಕಾಟಾಚಾರದ ಒರೆ ಕೊಡುವ ಕಂಪನಿಗಳು ಬೇಕಾದಷ್ಟಿವೆ. ಬಿದ್ದಾಗ ತೊಡೆಗೆ ಚುಚ್ಚಿಕೊಳ್ಳದಂತೆ ಕಾಯೋದು ಅದೇ ಒರೆ.

ಚರ್ಮದ ಒರೆಯಲ್ಲಿ ಹೊಲಿಗೆಯ ಕಡೆ ನೋಡಿ. ಎರಡು ಪದರದ ನಡುವೆ ಇನ್ನೊಂದು ದಪ್ಪ ಚರ್ಮದ ಪಟ್ಟಿ ಇರಲೇಬೇಕು. ಅದಿಲ್ಲದಿದ್ದರೆ ಚಾಕು ಒಳಗೆ ಹಾಕಿದಾಗಲೆಲ್ಲ ಬಾಯಿ ನೇರವಾಗಿ ದಾರಕ್ಕೆ ತಾಗಿ, ಒಂದೊಂದೇ ಹೊಲಿಗೆ ಕೊಯ್ದು, ಒಂದು ದಿನ ಅಂಚು ಬಿಚ್ಚಿಕೊಳ್ಳುತ್ತದೆ. ಒರೆಯನ್ನು ಎರಡು ಬೆರಳಲ್ಲಿ ಹಿಂಡಿ ನೋಡಿ. ಮೆತ್ತಗೆ ಮಡಚಿಕೊಂಡರೆ ಬೇಡ. ಹಿಡಿಯ ಮೂರನೇ ಒಂದು ಭಾಗವಾದರೂ ಒಳಗೆ ಹೋಗುವಂಥ ಆಳವಾದ ಒರೆ ನನಗೆ ಇಷ್ಟ. ಆಗ ಹಿಡಿಯನ್ನು ಬಿಗಿಯುವ ಗುಂಡಿ ಪಟ್ಟಿ ಬೇಕಾಗುವುದಿಲ್ಲ. ಗುಂಡಿ ಪಟ್ಟಿ ಇದ್ದರೆ, ಚಾಕು ಎಳೆಯುವಾಗ ಅದು ಬಾಯಿಗೆ ಅಡ್ಡ ಬಂದು ತುಂಡಾಗುತ್ತದಾ ಅಂತ ಗಮನಿಸಿ.

ಕೈಡೆಕ್ಸ್ ಬಿಸಿ ಮಾಡಿ ಅಚ್ಚಿನ ಮೇಲೆ ಒತ್ತಿದ ಪ್ಲಾಸ್ಟಿಕ್. ನೀರು ಹೀರುವುದಿಲ್ಲ, ಬಿಸಿನೀರಲ್ಲಿ ತೊಳೆಯಬಹುದು, ಚಾಕು ‘ಟಕ್’ ಅಂತ ಕೂರುತ್ತದೆ. ಮಳೆ ಜಾಸ್ತಿ ಇರುವ ಕಡೆ, ನದಿ ದಾಟುವ ಕಡೆ ಇದೇ ಸರಿ. ಅದರ ದೋಷ ಶಬ್ದ: ಪೊದೆಯ ಕಡ್ಡಿ ತಾಗಿದರೂ ಕರ್ ಅನ್ನುತ್ತದೆ. ಇನ್ನೊಂದು, ಒಳಗೆ ಮರಳು ಸೇರಿದರೆ ಅಲಗನ್ನು ಗೀರುತ್ತದೆ. ಆದ್ದರಿಂದ ತಳದಲ್ಲಿ ತೂತು ಇರುವುದನ್ನೇ ತಗೊಳ್ಳಿ, ತೊಳೆದ ನೀರು, ಕಸ ಹೊರಗೆ ಹೋಗುತ್ತದೆ. ಬಿಸಿಲಲ್ಲಿ ನಿಂತ ಕಾರಿನ ಗಾಜಿನ ಕೆಳಗೆ ಬಿಡಬೇಡಿ, ಆಕಾರ ಸಡಿಲವಾಗಬಹುದು.

ಹಾಗಾದರೆ ಯಾವುದು? ಸದ್ದಿಲ್ಲದೆ ಕಾದು ಕೂರುವವರಿಗೆ ಚರ್ಮ. ಒದ್ದೆಯಲ್ಲಿ ಓಡಾಡುವವರಿಗೆ ಕೈಡೆಕ್ಸ್. ಯಾವುದೇ ಆದರೂ ಒಂದು ಪರೀಕ್ಷೆ ಮಾಡಿ. ಹಾಸಿಗೆಯ ಮೇಲೆ ಒರೆಯನ್ನು ತಲೆಕೆಳಗೆ ಹಿಡಿದು ಜೋರಾಗಿ ಅಲ್ಲಾಡಿಸಿ. ಚಾಕು ಬಿದ್ದರೆ ವಾಪಸ್ ಕೊಡಿ.

ಪ್ರಶ್ನೆ: ಡಮಾಸ್ಕಸ್ ಚಾಕು ಹೇಗೆ?

ಉತ್ತರ: ಎರಡು ಉಕ್ಕುಗಳನ್ನು ಬೆಸೆದು ಮಡಚಿ ಮಡಚಿ ಬಡಿದದ್ದು. ಯಾವ ಎರಡು ಉಕ್ಕು ಅಂತ ತಯಾರಕರು ಹೇಳಿದರೆ, ಉದಾಹರಣೆಗೆ 1095 ಮತ್ತು 15ಎನ್20, ಒಳ್ಳೆಯ ಕಾರ್ಬನ್ ಉಕ್ಕಿನ ಚಾಕುವಿನಂತೆಯೇ ಕೆಲಸ ಮಾಡುತ್ತದೆ. ಹೇಳದಿದ್ದರೆ ಗೋಡೆಗೆ ನೇತುಹಾಕಲು ಸರಿ.

ಪ್ರಶ್ನೆ: ನನ್ನದು 1095 ಚಾಕು. ಮಳೆಗಾಲ ಪೂರ್ತಿ ಚರ್ಮದ ಒರೆಯಲ್ಲೇ ಇತ್ತು. ಈಗ ತೆಗೆದರೆ ಅಲ್ಲಲ್ಲಿ ಕಪ್ಪು, ಅಲ್ಲಲ್ಲಿ ಕೆಂಪು ಕಲೆ. ಹೋಯಿತಾ?

ಉತ್ತರ: ಹೋಗಿಲ್ಲ. ಕಪ್ಪು, ಬೂದು, ನೀಲಿ ಕಲೆಗೆ ತಲೆ ಕೆಡಿಸಿಕೊಳ್ಳಬೇಡಿ. ಅದು ಉಕ್ಕಿನ ಮೇಲೆ ಕೂತ ತೆಳು ಪದರ, ಇನ್ನಷ್ಟು ತುಕ್ಕನ್ನು ಸ್ವಲ್ಪ ತಡೆಯುತ್ತದೆ ಕೂಡ. ಕೆಂಪು ಮಾತ್ರ ತೆಗೆಯಬೇಕು. ಎಣ್ಣೆ ಹಚ್ಚಿ, ತುಂಬಾ ನಯವಾದ ಉಕ್ಕಿನ ನಾರಿನಿಂದ ಮೆಲ್ಲಗೆ ಉಜ್ಜಿ. ಗುಳಿ ಬಿದ್ದಿದ್ದರೆ ಅಲಗಿನ ಪಕ್ಕದಲ್ಲಿ ಇದ್ದರೆ ಬಿಟ್ಟುಬಿಡಿ, ಬಾಯಿಯ ಮೇಲೇ ಇದ್ದರೆ ಅದು ಹೋಗುವ ತನಕ ಸಾಣೆ ಹಿಡಿಯಿರಿ. ವೇಗದ ಗ್ರೈಂಡರ್‌ಗೆ ಹಚ್ಚಬೇಡಿ. ತೆಳ್ಳಗಿನ ಬಾಯಿ ಕ್ಷಣದಲ್ಲಿ ಕಾದು ನೀಲಿಯಾಗುತ್ತದೆ. ಆ ನೀಲಿ ಬಂತೆಂದರೆ 300 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೋಗಿದೆ, ಆ ಜಾಗದ ಹದ ಇಳಿದಿದೆ ಅಂತ ಅರ್ಥ.

ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತದೆ, ಹದ ಮಾಡುವಾಗ ಬಳಸಿದ ಲವಣಗಳೂ ಅದರಲ್ಲಿ ಉಳಿದಿರುತ್ತವೆ. ಕ್ರೋಮ್‌ನಿಂದ ಹದ ಮಾಡಿದ ಚರ್ಮ ಈ ವಿಷಯದಲ್ಲಿ ಇನ್ನೂ ಕೆಟ್ಟದ್ದು. ಹೊರಗೆ ಹೋಗುವ ದಿನ ಮಾತ್ರ ಒರೆ. ಮನೆಗೆ ಬಂದ ಮೇಲೆ ಚಾಕು ತೊಳೆದು, ಒಣಗಿಸಿ, ತಿನ್ನುವುದಕ್ಕೆ ತೊಂದರೆ ಇಲ್ಲದ ಮಿನರಲ್ ಆಯಿಲ್ ಒಂದು ಹನಿ ಸವರಿ, ಒಣ ಬಟ್ಟೆಯಲ್ಲಿ ಸುತ್ತಿ ಬೇರೆ ಇಡಿ. ಅಡುಗೆ ಎಣ್ಣೆ ಬೇಡ, ಕೆಲವು ವಾರದಲ್ಲಿ ಅಂಟಾಗಿ ಕಮಟುತ್ತದೆ.

ಪ್ರಶ್ನೆ: ಒಂದೇ ಪ್ರಾಣಿ ಸುಲಿಯುವಷ್ಟರಲ್ಲಿ ಚಾಕು ಮೊಂಡಾಗುತ್ತದೆ. ಉಕ್ಕು ಕೆಟ್ಟದ್ದಾ?

ಉತ್ತರ: ಇರಬಹುದು, ಆದರೆ ಮೊದಲು ಕೊಯ್ಯುವ ರೀತಿ ನೋಡಿ. ಹೊರಗಿನಿಂದ ಕೊಯ್ದರೆ ಬಾಯಿ ಮೊದಲು ಕೂದಲನ್ನು ಕೊಯ್ಯಬೇಕು, ಕೂದಲಲ್ಲಿ ಮಣ್ಣು, ಮರಳು ಇರುತ್ತದೆ. ಸಣ್ಣ ರಂಧ್ರ ಮಾಡಿ, ಬಾಯಿ ಮೇಲೆ ಮಾಡಿ ಚರ್ಮದ ಒಳಗಿನಿಂದ ಹೊರಕ್ಕೆ ಕೊಯ್ಯಿರಿ. ಕೂದಲು ತಾನಾಗಿ ಎರಡೂ ಕಡೆ ಸರಿಯುತ್ತದೆ. ಕೀಲು ಬಿಡಿಸುವಾಗ ಮೂಳೆಯನ್ನು ಗರಗಸದಂತೆ ಉಜ್ಜಬೇಡಿ, ಸಂದು ಹುಡುಕಿ ನರ ಕೊಯ್ಯಿರಿ.

ಮೊಂಡಾಗಿದೆಯಾ ಅಂತ ಬೆರಳಿಂದ ನೋಡುವ ಬದಲು ದೀಪದ ಕೆಳಗೆ ಬಾಯಿ ಮೇಲೆ ಮಾಡಿ ಹಿಡಿಯಿರಿ. ಹರಿತ ಬಾಯಿ ಕಣ್ಣಿಗೇ ಕಾಣುವುದಿಲ್ಲ. ಎಲ್ಲಿ ಬಿಳಿ ಗೆರೆ ಮಿಂಚುತ್ತದೋ ಅಲ್ಲಿ ಮೊಂಡಾಗಿದೆ. ಆ ಜಾಗಕ್ಕಷ್ಟೇ ಸಣ್ಣ ವಜ್ರದ ತಗಡಿನ ಮೇಲೆ, ಒಂದೊಂದು ಬದಿಗೆ 20 ಡಿಗ್ರಿ ಓರೆಯಲ್ಲಿ, ಭಾರ ಹಾಕದೆ ನಾಲ್ಕೈದು ಸಲ ಎಳೆಯಿರಿ. ಇಷ್ಟು ಮಾಡಿದ ಮೇಲೂ ಅರ್ಧ ಗಂಟೆಯಲ್ಲಿ ಬಿಳಿ ಗೆರೆ ಮತ್ತೆ ಬಂದರೆ ಹದ ಕೆಟ್ಟಿದೆ, ಆ ಚಾಕು ಬದಲಿಸಿ.