ನಿಬಿರು ಮತ್ತು ಬರ್ಲಿನ್ನಿನ ಮುದ್ರೆ: ನಿಮ್ಮ ಪ್ರಶ್ನೆಗೆ ಪ್ರತಿಕ್ರಿಯೆ

ಬರ್ಲಿನ್ನಿನ ವಸ್ತುಸಂಗ್ರಹಾಲಯದಲ್ಲಿರುವ ವಿಎ 243 ಎಂಬ ಪ್ರಾಚೀನ ಮೆಸೊಪೊಟೇಮಿಯಾದ (ಇಂದಿನ ಇರಾಕಿನ ಸುತ್ತಿನ ನಾಡು) ಮುದ್ರೆಯಲ್ಲಿ ಒಂದು ನಕ್ಷತ್ರದ ಸುತ್ತ ಹನ್ನೊಂದು ಚುಕ್ಕೆಗಳಿರುವುದು, ನಿಬಿರು ಎಂಬ ಅಜ್ಞಾತ ಗ್ರಹದಿಂದ ಬಂದರೆನ್ನಲಾಗುವ ಅನುನ್ನಾಕಿಗಳೆಂಬ ದೇವತೆಗಳು ಮನುಷ್ಯನನ್ನು ರೂಪಿಸಿದರೆಂಬುದಕ್ಕೆ ಸಾಕ್ಷಿಯಲ್ಲವೇ ಎಂದು ಕೇಳಿದ್ದೀರಿ. ಆ ನಕ್ಷತ್ರವೇ ಸೂರ್ಯ, ಚುಕ್ಕೆಗಳೇ ನಿಬಿರುವೂ ಸೇರಿದ ಗ್ರಹಗಳು ಎಂಬುದು ಈ ವಾದದ ನೆಲೆ. ಇದು ಸಾಕ್ಷಿಯಲ್ಲವೆಂದೇ ನನ್ನ ಅಭಿಪ್ರಾಯ. ಆ ಮುದ್ರೆಯ ಬರಹದಲ್ಲಿರುವುದು ವ್ಯಕ್ತಿಗಳ ಹೆಸರುಗಳೇ ಹೊರತು ಗ್ರಹಗಳ ವಿಚಾರವಲ್ಲ. ಅಲ್ಲಿನ ಕಲೆಯಲ್ಲಿ ಸೂರ್ಯನನ್ನು ಸಾಮಾನ್ಯವಾಗಿ ಬಿಲ್ಲೆಯೊಳಗೆ ನಾಲ್ಕು ಮೊನೆಗಳನ್ನೂ ಅವುಗಳ ನಡುವೆ ಅಲೆಯಂಥ ಕಿರಣಗಳನ್ನೂ ಬಿಡಿಸಿ ತೋರಿಸುತ್ತಿದ್ದರು, ಇಲ್ಲಿರುವುದು ಬರಿಯ ಆರು ಮೊನೆಯ ನಕ್ಷತ್ರ. ಬ್ಯಾಬಿಲೋನಿನ ಖಗೋಳಜ್ಞರು ಗುರುತಿಸಿದ್ದು ಬರಿಗಣ್ಣಿಗೆ ಕಾಣುವ ಐದೇ ಗ್ರಹಗಳನ್ನು, ಮತ್ತು ಅವರ ಬರಹಗಳಲ್ಲಿ ನಿಬಿರು ಎಂಬುದು ಮರ್ದೂಕ್ ದೇವನ ನಕ್ಷತ್ರ, ಹೆಚ್ಚಾಗಿ ನಮ್ಮ ಗುರುಗ್ರಹವೇ.

ಸೃಷ್ಟಿಯ ಕಥೆಯಂತೂ ಇನ್ನೂ ಸ್ವಾರಸ್ಯಕರ. ಅತ್ರಹಸೀಸನೆಂಬ ನಾಯಕನ ಹೆಸರಿನ ಮೆಸೊಪೊಟೇಮಿಯಾದ ಪ್ರಾಚೀನ ಕಾವ್ಯದಲ್ಲಿ ಕಾಲುವೆ ತೋಡಿ ಬಸವಳಿದ ಕಿರಿಯ ದೇವತೆಗಳು ದಂಗೆಯೇಳುತ್ತಾರೆ. ಆ ದುಡಿಮೆಯನ್ನು ಹೊರಲೆಂದು, ಹತನಾದ ಒಬ್ಬ ದೇವನ ರಕ್ತಮಾಂಸವನ್ನು ಜೇಡಿಮಣ್ಣಿನಲ್ಲಿ ಕಲಸಿ ಮನುಷ್ಯನನ್ನು ಮಾಡಲಾಗುತ್ತದೆ. ವರ್ಷವರ್ಷವೂ ಹೂಳೆತ್ತಿ ಬೇಸತ್ತ ನಾಡಿನ ಕಲ್ಪನೆಯಿದು. ಇದರಲ್ಲಿ ಪ್ರಯೋಗಾಲಯವನ್ನು ಕಾಣಲು ನನಗಂತೂ ಆಗದು. ಮನುಷ್ಯ ವಾನರರ ಬಳಗದಿಂದಲೇ ಬಂದವನೆಂಬುದಕ್ಕೆ ಸಾಕ್ಷಿ ನಮ್ಮ ದೇಹದೊಳಗೇ ಇದೆ: ನಮ್ಮ ಎರಡನೆಯ ವರ್ಣತಂತು (ಜೀವಕೋಶದಲ್ಲಿ ವಂಶವಾಹಿಗಳನ್ನು ಹೊತ್ತ ಎಳೆ), ಚಿಂಪಾಂಜಿಯಂಥ ವಾನರರಲ್ಲಿ ಬಿಡಿಯಾಗಿಯೇ ಉಳಿದಿರುವ ಎರಡು ವರ್ಣತಂತುಗಳು ಬೆಸೆದುಕೊಂಡು ಆದದ್ದು. ಆ ಬೆಸುಗೆಯ ಗುರುತು ಅದರೊಳಗೆ ಇಂದಿಗೂ ಇದೆ.