ಗುಳಿಗೆಯ ಗಂಟು ಕಟ್ಟುವ ಮೊದಲು

(ಔಷಧಕ್ಕೆ ಸಂಬಂಧಿಸಿದ ಓದುಗರ ಪ್ರಶ್ನೆಗಳಿಗೆ ಕಾರವಾರದ ನಿವೃತ್ತ ಸರ್ಕಾರಿ ಫಾರ್ಮಸಿಸ್ಟ್ ಒಬ್ಬರ ಉತ್ತರ)

ಪ್ರಶ್ನೆ: ನನ್ನ ಮಗಳು ಡಾಕ್ಟರು. ಆಫ್ರಿಕಾದ ಮಲಾವಿಯಲ್ಲಿ ಒಂದು ಸೇವಾಸಂಸ್ಥೆಯ ಹಳ್ಳಿ ಆಸ್ಪತ್ರೆಯಲ್ಲಿದ್ದಾಳೆ. ಅಲ್ಲಿ ಔಷಧಕ್ಕೆ ಬಹಳ ತಾಪತ್ರಯವಂತೆ. ನಮ್ಮ ಮಹಿಳಾ ಮಂಡಳದವರು ಸೇರಿ ಔಷಧ ಕೂಡಿಸಿ ಕಳಿಸೋಣ ಎಂದು ಮಾತಾಡಿಕೊಂಡಿದ್ದೇವೆ. ಪರಿಚಯದ ಮೆಡಿಕಲ್ ಶಾಪಿನವರು, ಇಬ್ಬರು ಡಾಕ್ಟರು ತಮ್ಮಲ್ಲಿರುವುದನ್ನು ಕೊಡುತ್ತೇವೆ ಎಂದಿದ್ದಾರೆ. ಎಕ್ಸ್‌ಪೈರಿಗೆ ಇನ್ನೂ ನಾಲ್ಕೈದು ತಿಂಗಳಿದೆ. ಪಾರ್ಸೆಲ್ ಮಾಡುವುದು ಹೇಗೆ?
– ಓದುಗರೊಬ್ಬರು, ಶಿರಸಿ

ಉತ್ತರ: ಅಕ್ಕಾ, ಪಾರ್ಸೆಲ್ ಮಾಡಲೇಬೇಡಿ. ನಿಮ್ಮ ಮಂಡಳದವರ ಮನಸ್ಸು ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಪೆಟ್ಟಿಗೆ ಅಲ್ಲಿಗೆ ಮುಟ್ಟುವಷ್ಟರಲ್ಲಿ ಮಗಳಿಗೆ ಅದೇ ಇನ್ನೊಂದು ತಾಪತ್ರಯವಾಗಿರುತ್ತದೆ.

ಔಷಧದಾನಕ್ಕೆಂದೇ ವಿಶ್ವ ಆರೋಗ್ಯ ಸಂಸ್ಥೆ 1996ರಲ್ಲಿ ಮಾರ್ಗಸೂಚಿ ಮಾಡಿದೆ, ಆಮೇಲೆ ಎರಡು ಸಲ ತಿದ್ದಿದೆ. ಅದರ ಪ್ರಕಾರ ಔಷಧ ಆ ದೇಶದಲ್ಲಿ ಇಳಿದ ದಿನ ಕನಿಷ್ಠ ಒಂದು ವರ್ಷದ ಅವಧಿ ಬಾಕಿ ಇರಬೇಕು. ಮಲಾವಿಗೋ ಸಮುದ್ರವೇ ಇಲ್ಲ. ಹಡಗಿನ ಸರಕು ಮೊಜಾಂಬಿಕ್‌ನ ಬೇರಾ ಅಥವಾ ನಕಾಲಾದಲ್ಲಿ, ಇಲ್ಲವಾದರೆ ತಾಂಜಾನಿಯಾದ ದಾರ್ ಎಸ್ ಸಲಾಮ್‌ನಲ್ಲಿ ಇಳಿದು ಒಳನಾಡಿಗೆ ಹೋಗಬೇಕು. ನಿಮ್ಮ ನಾಲ್ಕೈದು ತಿಂಗಳು ದಾರಿಯಲ್ಲೇ ಖರ್ಚಾಗುತ್ತದೆ. ಡಾಕ್ಟರು ಕೊಡುವುದು ಬಹುಶಃ ಕಂಪನಿಯವರು ಬಿಟ್ಟುಹೋದ ಸ್ಯಾಂಪಲ್ಲು. ಸ್ಯಾಂಪಲ್ಲನ್ನೂ ರೋಗಿಗಳು ವಾಪಸು ಕೊಟ್ಟ ಔಷಧವನ್ನೂ ದಾನ ಮಾಡಕೂಡದು ಎಂದು ಅದೇ ಮಾರ್ಗಸೂಚಿ ಹೇಳುತ್ತದೆ.

ಯಾಕೆ ಇಷ್ಟು ಬಿಗಿ ಅಂತೀರಾ? 2019ರ ಆಗಸ್ಟಿನಲ್ಲಿ ಕದ್ರಾ ಅಣೆಕಟ್ಟೆಯ ನೀರು ಬಿಟ್ಟು ಕಾಳಿ ನದಿ ದಂಡೆಯ ಊರುಗಳಿಗೆ ನೆರೆ ನುಗ್ಗಿದಾಗ, ಗಂಜಿಕೇಂದ್ರಕ್ಕೆ ಬಂದ ಔಷಧದ ಚೀಲಗಳನ್ನು ವಿಂಗಡಿಸಲು ಕೂತವರಲ್ಲಿ ನಾನೂ ಒಬ್ಬ. ಕತ್ತರಿಯಲ್ಲಿ ಕತ್ತರಿಸಿದ ಸ್ಟ್ರಿಪ್ಪುಗಳು; ಬ್ಯಾಚ್ ನಂಬರೂ ತಾರೀಕೂ ಇದ್ದ ತುದಿ ಯಾರದೋ ಮನೆಯಲ್ಲೇ ಉಳಿದಿದೆ. ಅರ್ಧ ಕುಡಿದ ಕೆಮ್ಮಿನ ಸಿರಪ್ಪು, ಮುಚ್ಚಳದ ಸುತ್ತ ಇರುವೆ. ಸೀಲ್ ಒಡೆದ ಕಣ್ಣಿನ ಡ್ರಾಪ್ಸು. ಯಾರೋ ತೀರಿಕೊಂಡ ಅಜ್ಜನ ಬಿಪಿ ಗುಳಿಗೆ ಇಡೀ ಡಬ್ಬಿ ಬಂದಿತ್ತು, ಮೇಲೆ ಬೆಳಿಗ್ಗೆ-ರಾತ್ರಿ ಎಂದು ಪೆನ್ನಿನಲ್ಲಿ ಬರೆದದ್ದು ಹಾಗೇ ಇತ್ತು. ಜನರಿಗೆ ಬೇಕಾಗಿದ್ದದ್ದು ಓಆರ್‌ಎಸ್, ಕಾಲುಬೆರಳ ಸಂದಿಗೆ ಹಚ್ಚುವ ಮುಲಾಮು, ಇಲಿಜ್ವರಕ್ಕೆ ಡಾಕ್ಸಿಸೈಕ್ಲಿನ್. ಅವು ಆ ರಾಶಿಯಲ್ಲಿ ಹುಡುಕಿದರೂ ಸಿಗಲಿಲ್ಲ.

ನಮ್ಮದು ನಾಲ್ಕು ಚೀಲದ ಕತೆ. ಬೋಸ್ನಿಯಾದ ಯುದ್ಧದ ಹೊತ್ತಿಗೆ, 1992ರಿಂದ 1996ರವರೆಗೆ, ಹೀಗೆ ಬಂದು ಉಪಯೋಗಕ್ಕೆ ಬಾರದ ಔಷಧ 17,000 ಟನ್ ಎಂದು ಲೆಕ್ಕ. ಔಷಧವನ್ನು ಗುಂಡಿ ತೋಡಿ ಹೂಳುವಂತಿಲ್ಲ, ಹೊಳೆಗೆ ಬಿಡುವಂತಿಲ್ಲ. ಅದನ್ನು ಸುಡಿಸುವ ಖರ್ಚು ಬೀಳುವುದು ದಾನ ತೆಗೆದುಕೊಂಡವರ ತಲೆಯ ಮೇಲೆ. 2004ರ ಸುನಾಮಿ ಆದಮೇಲೆ ಇಂಡೊನೇಷ್ಯಾದ ಅಚೆ ಪ್ರಾಂತ್ಯದಲ್ಲೂ ಇದೇ ಹಣೆಬರಹ.

ಇನ್ನೊಂದು ಮಾತು. ಇಲ್ಲಿ ಒಳ್ಳೆಯ ಔಷಧವಾದದ್ದು ಅಲ್ಲಿ ಒಳ್ಳೆಯದೇ ಆಗಬೇಕೆಂದಿಲ್ಲ. ನಮ್ಮಲ್ಲಿ ವೈವ್ಯಾಕ್ಸ್ ಎಂಬ ಬಗೆಯ ಮಲೇರಿಯಾಕ್ಕೆ ಇವತ್ತಿಗೂ ಕ್ಲೋರೊಕ್ವಿನ್ ಕೊಡುತ್ತಾರೆ. ಮಲಾವಿ ಅದನ್ನು 1993ರಲ್ಲೇ ಕೈಬಿಟ್ಟಿತು, ಆಫ್ರಿಕಾದಲ್ಲಿ ಹಾಗೆ ಮಾಡಿದ ಮೊದಲ ದೇಶವೇ ಅದು. ಅಲ್ಲಿನದು ಹೆಚ್ಚಾಗಿ ಫಾಲ್ಸಿಪೇರಂ ಎಂಬ ಇನ್ನೊಂದು ಬಗೆಯ ಮಲೇರಿಯಾ, ಕ್ಲೋರೊಕ್ವಿನ್‌ಗೆ ಬಗ್ಗುತ್ತಿರಲಿಲ್ಲ. 2007ರಿಂದ ಆರ್ಟಿಮೆಥರ್-ಲ್ಯೂಮೆಫ್ಯಾಂಟ್ರಿನ್ ಜೋಡಿ ಕೊಡುತ್ತಿದ್ದಾರೆ. ನೀವು ಪ್ರೀತಿಯಿಂದ ಒಂದು ಪೆಟ್ಟಿಗೆ ಕ್ಲೋರೊಕ್ವಿನ್ ಕಳಿಸಿದರೆ ಮಗಳು ಏನು ಮಾಡಬೇಕು?

ಹಾಗಾದರೆ ಮಾಡುವುದೇನು? ಇಂಥ ಆಸ್ಪತ್ರೆಗಳಿಗೆಂದೇ ಔಷಧ ಒದಗಿಸುವ, ಲಾಭದ ಉದ್ದೇಶವಿಲ್ಲದ ಸಂಸ್ಥೆಗಳಿವೆ. ಆಮ್‌ಸ್ಟರ್‌ಡ್ಯಾಮಿನಲ್ಲಿ 1972ರಲ್ಲಿ ಶುರುವಾದ ಐಡಿಎ ಫೌಂಡೇಶನ್, ಜರ್ಮನಿಯ ಆಕ್ಷನ್ ಮೆಡೆಯೋರ್ ಮುಂತಾದವು. ಇವರ ಮುಖ್ಯ ಕೆಲಸ ಧರ್ಮಕ್ಕೆ ಹಂಚುವುದಲ್ಲ. ಕಾರ್ಖಾನೆಗಳನ್ನು ತಪಾಸಣೆ ಮಾಡಿ, ಸಗಟಿನಲ್ಲಿ ಕೊಂಡು, ತಮ್ಮ ಖರ್ಚು ಹುಟ್ಟುವಷ್ಟು ಸೇರಿಸಿ ಸೇವಾಸಂಸ್ಥೆಗಳಿಗೆ ಮಾರುತ್ತಾರೆ. ಸಾವಿರ ಗುಳಿಗೆಯ ಡಬ್ಬಿ, ಮೇಲೆ ಕಂಪನಿಯ ಬ್ರ್ಯಾಂಡಿನ ಬದಲು ಔಷಧದ ಜೆನೆರಿಕ್ ಹೆಸರು, ಬಣ್ಣದ ಕಾರ್ಡ್‌ಬೋರ್ಡಿಗೆ ದುಡ್ಡಿಲ್ಲ. ಅಮೆರಿಕದ ಡೈರೆಕ್ಟ್ ರಿಲೀಫ್, ಮ್ಯಾಪ್ ಇಂಟರ್‌ನ್ಯಾಷನಲ್ ಇನ್ನೊಂದು ಬಗೆ. ಅವರು ಔಷಧ ಕಂಪನಿಗಳಿಂದ ದಾನ ಪಡೆದು, ತಾವು ಪರಿಶೀಲಿಸಿದ ಪಾಲುದಾರರಿಗೆ ಕೊಡುತ್ತಾರೆ. ನನ್ನ ಕೇಳಿದರೆ, ತಿಂಗಳು ತಿಂಗಳು ತಪ್ಪದೆ ಬೇಕಾಗುವ ಔಷಧಕ್ಕೆ ಮೊದಲನೆಯವರೇ ಸೈ. ದಾನದ ಮಾಲು ಈ ಸಲ ಬಂದದ್ದು ಮುಂದಿನ ಸಲ ಬರುತ್ತದೆಂಬ ಭರವಸೆ ಇಲ್ಲ. ಬಿಪಿ, ಸಕ್ಕರೆ ಕಾಯಿಲೆಯವರಿಗೆ ಮಧ್ಯೆ ನಿಂತರೆ ಹೇಗೆ?

ತಮಾಷೆ ನೋಡಿ, ಬಡದೇಶಗಳಿಗೆ ಹೋಗುವ ಜೆನೆರಿಕ್ ಔಷಧದ ದೊಡ್ಡ ಪಾಲು ಭಾರತದ್ದೇ. ನಮ್ಮ ಮಾಜಾಳಿ ಚೆಕ್‌ಪೋಸ್ಟ್ ದಾಟಿ ಗೋವಾದ ವೆರ್ಣಾಕ್ಕೆ ಹೋದರೆ ಸಾಲು ಸಾಲು ಔಷಧ ಕಾರ್ಖಾನೆಗಳು, ಕಾರವಾರದ ಹುಡುಗರು ಕೆಲಸಕ್ಕೆ ಹೋಗುವುದೂ ಅಲ್ಲಿಗೇ.

ಇಂಥ ಸಂಸ್ಥೆಗಳು ನಿಮ್ಮ ಮಂಡಳದೊಡನೆ ವ್ಯವಹಾರ ಮಾಡುವುದಿಲ್ಲ, ಮಗಳ ಆಸ್ಪತ್ರೆಯೊಡನೆ ಮಾಡುತ್ತವೆ. ನೋಂದಣಿ ಇದೆಯೇ, ಜವಾಬ್ದಾರ ಡಾಕ್ಟರು ಅಥವಾ ಫಾರ್ಮಸಿಸ್ಟ್ ಯಾರು, ದಾಸ್ತಾನು ಎಲ್ಲಿ ಎಂದು ಕೇಳುತ್ತವೆ. ಆ ದೇಶದ ಔಷಧ ನಿಯಂತ್ರಣ ಪ್ರಾಧಿಕಾರದ ಆಮದು ಪರವಾನಗಿ ಮಾಲು ಹೊರಡುವ ಮೊದಲೇ ಕೈಯಲ್ಲಿರಬೇಕು. ಕಸ್ಟಮ್ಸ್ ಬಿಡಿಸುವ ಖರ್ಚು ಯಾರದು, ತಡವಾದರೆ ಡೆಮರೇಜ್ (ಮಾಲು ಬಿಡಿಸದೆ ಬಿದ್ದಿದ್ದಕ್ಕೆ ಹಾಕುವ ದಂಡ) ಯಾರು ಕಟ್ಟುವುದು ಎಂಬುದನ್ನು ಮೊದಲ ಪತ್ರದಲ್ಲೇ ತೀರ್ಮಾನಿಸಲು ಮಗಳಿಗೆ ಹೇಳಿ. ಔಷಧ ಕೊಳ್ಳಲು ಹತ್ತು ಜನ ಮುಂದೆ ಬರುತ್ತಾರೆ, ಡೆಮರೇಜ್ ಕಟ್ಟಲು ಒಬ್ಬರೂ ಬರುವುದಿಲ್ಲ.

ಆಸ್ಪತ್ರೆಗೆ ಬೇಕಾದ ಔಷಧದ ಪಟ್ಟಿ ಮಾಡುವಾಗ ಒಂದು ಲೆಕ್ಕ ತಪ್ಪಬಾರದು. ಕಳೆದ ಆರು ತಿಂಗಳಲ್ಲಿ ಅಮಾಕ್ಸಿಸಿಲಿನ್ ಎಂಬ ಆಂಟಿಬಯೋಟಿಕ್ ಗುಳಿಗೆ 12,000 ಖರ್ಚಾಗಿದೆ ಎಂದಿಟ್ಟುಕೊಳ್ಳಿ. ಆರರಿಂದ ಭಾಗಿಸಿ ತಿಂಗಳಿಗೆ 2,000 ಎಂದು ಬರೆಯುತ್ತಾರೆ. ಆದರೆ ಎರಡು ತಿಂಗಳು ದಾಸ್ತಾನೇ ಖಾಲಿ ಇದ್ದಿದ್ದರೆ? ಭಾಗಿಸಬೇಕಾದ್ದು ನಾಲ್ಕರಿಂದ, ತಿಂಗಳ ಬೇಡಿಕೆ 3,000. ಖಾಲಿ ಇದ್ದ ದಿನಗಳನ್ನು ಬಿಟ್ಟು ಲೆಕ್ಕ ಹಾಕದ ಸ್ಟೋರು ಯಾವತ್ತೂ ಖಾಲಿಯಾಗಿಯೇ ಇರುತ್ತದೆ. ಹಾಗೇ ಫ್ರಿಜ್ ಇದೆಯೇ, ಕರೆಂಟ್ ನಿಲ್ಲುತ್ತದೆಯೇ ಎಂದೂ ಕೇಳಿ. ಫ್ರಿಜ್ ಲಸಿಕೆಗೆ ಮಾತ್ರ ಎಂದು ಎಷ್ಟೋ ಜನ ತಿಳಿದಿದ್ದಾರೆ. ಹೆರಿಗೆಯಾದ ಮೇಲೆ ರಕ್ತ ನಿಲ್ಲಿಸಲು ಕೊಡುವ ಆಕ್ಸಿಟೋಸಿನ್ 2ರಿಂದ 8 ಡಿಗ್ರಿಯಲ್ಲಿರಬೇಕು. ತಗಡಿನ ಸೂರಿನಡಿ ಇಟ್ಟ ಆಂಪ್ಯೂಲು ನೋಡಲು ಹಾಗೇ ಇರುತ್ತದೆ, ಚುಚ್ಚಿದರೆ ಕೆಲಸ ಮಾಡುವುದಿಲ್ಲ.

ಮಂಡಳದವರ ಪಾಲಿಗೆ ಉಳಿಯುವುದು ದುಡ್ಡು. ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆಯಡಿ ವ್ಯಕ್ತಿಗಳು ದಾನಕ್ಕೆಂದು ಬ್ಯಾಂಕ್ ಮೂಲಕ ಹೊರದೇಶಕ್ಕೆ ಕಳಿಸಬಹುದು. ಪ್ಯಾನ್ ಕಾರ್ಡ್ ಬೇಕು, ವರ್ಷದ ಮಿತಿ 2,50,000 ಡಾಲರ್, ನಿಮಗೆ ಅದರ ಚಿಂತೆ ಬೇಡ. ಮಂಡಳದ ಅಥವಾ ಟ್ರಸ್ಟಿನ ಖಾತೆಯಿಂದ ಮಾತ್ರ ಕಳಿಸಹೋಗಬೇಡಿ, ತೆರಿಗೆ ವಿನಾಯಿತಿಗೆ ಕುತ್ತು ಬರಬಹುದು. ಮೊದಲು ನಿಮ್ಮ ಸಿಎ ಹತ್ತಿರ ಮಾತಾಡಿ. ಆಸ್ಪತ್ರೆ ನಡೆಸುವ ಸಂಸ್ಥೆಯ ಹೆಸರಿಗೇ ಕಳಿಸಿ, ಮಗಳ ಸ್ವಂತ ಖಾತೆಗೆ ಬೇಡ.

ಪ್ರಶ್ನೆ: ನಾನು ದುಬೈಯಲ್ಲಿದ್ದೇನೆ. ಎಲ್ಲಾದರೂ ಭೂಕಂಪವಾದಾಗ ನಮ್ಮ ಊರಿನವರ ಸಂಘ ಸೂಟ್‌ಕೇಸಿನಲ್ಲಿ ಔಷಧ ಒಯ್ದು ಕೊಡಬಹುದೇ? ಊರಿಂದ ಬರುವವರ ಕೈಯಲ್ಲಿ ತರಿಸಿಕೊಳ್ಳುತ್ತೇವೆ.
– ಭಟ್ಕಳ ಮೂಲದ ಓದುಗರೊಬ್ಬರು, ದುಬೈ

ಉತ್ತರ: ಬೇಡ ತಮ್ಮಾ. ನಮ್ಮಲ್ಲಿ ಚೀಟಿ ಇದ್ದರೆ ಸಿಗುವ ಟ್ರಮಡಾಲ್ ಎಂಬ ನೋವಿನ ಔಷಧ, ಹಾಗೇ ಕೊಡೀನ್ ಇರುವ ಕೆಮ್ಮಿನ ಔಷಧ ದುಬೈಯಲ್ಲಿ ನಿಯಂತ್ರಿತ ಪಟ್ಟಿಯಲ್ಲಿವೆ. ಊರಿಂದ ಬರುವ ಪಾಪದವನು ವಿಮಾನ ನಿಲ್ದಾಣದಲ್ಲೇ ಸಿಕ್ಕಿಬೀಳುತ್ತಾನೆ. ಭೂಕಂಪ, ನೆರೆಗೆಂದು ಸಿದ್ಧ ಕಿಟ್‌ಗಳನ್ನೇ ಮಾಡಿಟ್ಟಿರುತ್ತಾರೆ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ಸೇರಿ ರೂಪಿಸಿದ ತುರ್ತು ಆರೋಗ್ಯ ಕಿಟ್ ಒಂದು 10,000 ಜನರಿಗೆ ಮೂರು ತಿಂಗಳಿಗೆ ಸಾಕು, ಹೆಚ್ಚು ಕಲಿಯದ ಆರೋಗ್ಯ ಕಾರ್ಯಕರ್ತರೂ ಬಳಸುವಂಥ ಸಣ್ಣ ಪೆಟ್ಟಿಗೆಗಳು ಅದರೊಳಗೇ ಇರುತ್ತವೆ. ದುಡ್ಡನ್ನು ದುಬೈಯಲ್ಲಿ ಸರ್ಕಾರ ಒಪ್ಪಿದ ಸಂಸ್ಥೆಗೆ ಕೊಟ್ಟು ರಸೀದಿ ತಗೊಳ್ಳಿ. ನಿಮ್ಮಲ್ಲಿ ಕಾನೂನು ಬಿಗಿ, ಯಾರೆಂದರೆ ಅವರು ಚಂದಾ ಎತ್ತುವಂತಿಲ್ಲ.

ಪ್ರಶ್ನೆ: ನಮ್ಮೂರ ಪಿಎಚ್‌ಸಿಯಲ್ಲೇ ಗುಳಿಗೆ ಇಲ್ಲ ಅಂತಾರೆ. ನೀವು ಹೋದ ಸಲವೂ ಪರದೇಶದ ಪುರಾಣ ಹೇಳಿದಿರಿ. ಇಲ್ಲಿಯವರ ಗತಿ ಏನು ಸ್ವಾಮಿ?
– ಓದುಗರೊಬ್ಬರು, ಅಂಕೋಲಾ

ಉತ್ತರ: ಸಿಟ್ಟು ನ್ಯಾಯವೇ. ನಿಮ್ಮ ಪಿಎಚ್‌ಸಿಗೆ ಆರೋಗ್ಯ ರಕ್ಷಾ ಸಮಿತಿ ಇದೆ, ಅದರ ಕೈಯಲ್ಲಿ ಸ್ವಲ್ಪ ಹಣವೂ ಇರುತ್ತದೆ, ತುರ್ತಿಗೆ ಔಷಧ ಕೊಳ್ಳಬಹುದು. ಸಮಿತಿಯ ಸಭೆ ಯಾವಾಗ ಎಂದು ವೈದ್ಯಾಧಿಕಾರಿಯನ್ನು ಕೇಳಿ, ಯಾವ ಔಷಧ ಎಷ್ಟು ದಿನದಿಂದ ಇಲ್ಲ ಎಂದು ಬರೆದು ಕೊಡಿ. ಬಾಯಲ್ಲಿ ಹೇಳಿದರೆ ಗಾಳಿಗೆ ಹೋಗುತ್ತದೆ. ಇನ್ನು ಊರಿನ ಧರ್ಮಾರ್ಥ ಚಿಕಿತ್ಸಾಲಯ ನಡೆಸುವವರಾದರೆ, ಗುಜರಾತಿನ ವಡೋದರಾದಲ್ಲಿ 1983ರಿಂದ ಲೋಕಾಸ್ಟ್ ಎಂಬ ಟ್ರಸ್ಟ್ ಇದೆ. ಲಾಭವಿಲ್ಲದೆ ಜೆನೆರಿಕ್ ಔಷಧವನ್ನು ತಾನೇ ತಯಾರಿಸಿ ಇಂಥವರಿಗೇ ಕೊಡುತ್ತದೆ. ನಿಮ್ಮ ಪಿಎಚ್‌ಸಿಯಲ್ಲಿ ಇಲ್ಲದ ಗುಳಿಗೆ ಯಾವುದೆಂದು ನೀವು ಬರೆದಿಲ್ಲ. ಹೆಸರು ತಿಳಿಸಿ, ಮುಂದಿನ ಸಂಚಿಕೆಯಲ್ಲಿ ಅದರ ಬಗ್ಗೆಯೇ ಮಾತಾಡೋಣ.